ನಾಣು, ಸಂಕೋಚ, ದಾಕ್ಷಿಣ್ಯ: ಲ್ಯಾಟಿನ್ ಕುಲದ ನುಡಿಗಳೊಡನೆ ಒಂದು ತುಲನೆ

ದೆಹಲಿಯ ಕನ್ನಡ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಪ್ರಸಂಗವೊಂದುಂಟು. ಊರಿನಿಂದ ಹಿರಿಯರೊಬ್ಬರು ಬಂದಿರುತ್ತಾರೆ. ಮನೆಯ ಹುಡುಗನನ್ನು ಹತ್ತಿರ ಕರೆದು ಕನ್ನಡದಲ್ಲಿ ನಾಲ್ಕು ಮಾತನಾಡಿಸಲು ಯತ್ನಿಸುತ್ತಾರೆ. ಹುಡುಗನು ಬಾಗಿಲ ಮರೆಗೆ ಸರಿಯುತ್ತಾನೆ. "ಅವನಿಗೆ ನಾಚಿಕೆ, ದೊಡ್ಡಪ್ಪ" ಎಂದು ತಾಯಿ ಸಮಾಧಾನ ಹೇಳುತ್ತಾಳೆ. "ಸ್ವಲ್ಪ ಶೈ" ಎಂದು ತಂದೆ ಸೇರಿಸುತ್ತಾನೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಹುಡುಗನು ಕೆಳಗಿಳಿದು, ತರಕಾರಿಯ ಗಾಡಿಯವನೊಡನೆ ಹಿಂದಿಯಲ್ಲಿ ಚೌಕಾಶಿ ಮಾಡುತ್ತಿರುವುದು ಮೇಲಿನ ಕಿಟಕಿಯಿಂದ ಕೇಳಿಸುತ್ತದೆ. ಅವನು ಸ್ವಭಾವತಃ ನಾಚುವವನಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಹಾಗಾದರೆ ಬಾಗಿಲ ಮರೆಯಲ್ಲಿ ಅವನಿಗೆ ಆದದ್ದೇನು? ಅದಕ್ಕೆ ಕನ್ನಡದ ಹೆಸರೇನು?

ಇಂಗ್ಲಿಷ್-ಕನ್ನಡ ಕೋಶಗಳನ್ನು ತೆರೆದವರಿಗೆ ದೊರೆಯುವ ಉತ್ತರ ತೃಪ್ತಿಕರವಾಗಿಲ್ಲ. ನಾಚಿಕೆಯ, ಲಜ್ಜೆಯ, ಸಂಕೋಚದ, ಅಂಜುವ, ಹಿಂಜರಿಯುವ ಎಂದು ಅರ್ಥಗಳನ್ನು ಅಲ್ಪವಿರಾಮಗಳ ನಡುವೆ ಸಾಲಾಗಿ ನಿಲ್ಲಿಸಿ ಕೈ ತೊಳೆದುಕೊಳ್ಳುವುದು ಕೋಶಗಳ ವಾಡಿಕೆ. ಸಾಲಿನ ಮೊದಲಲ್ಲಿ ನಿಂತ ನಾಚಿಕೆಗೇ ಪಟ್ಟಾಭಿಷೇಕ. ಅನುವಾದಕರೂ ಉಪಾಧ್ಯಾಯರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಅಲ್ಪವಿರಾಮವೆಂಬ ಚಿಹ್ನೆ ಎರಡು ಪದಗಳು ಒಂದೇ ಎಂದು ಹೇಳುವುದೋ, ಎರಡೂ ಬೇರೆ ಎಂದು ಹೇಳುವುದೋ ಎಂಬುದನ್ನು ಯಾವ ಕೋಶವೂ ತಿಳಿಸುವುದಿಲ್ಲ. ಈ ಅಲಕ್ಷ್ಯದ ಫಲ ಸಾಮಾನ್ಯವಾದುದಲ್ಲ. ಪದವೊಂದರ ಬೆಲೆಯನ್ನು ತಿಳಿಯಬೇಕಾದರೆ ಅದರ ನೆರೆಹೊರೆಯನ್ನು ಅರಿಯಬೇಕು. ಅದಕ್ಕೆ ಇದೇ ಭಾವವನ್ನು ಲ್ಯಾಟಿನ್ ಭಾಷೆಯೂ ಅದರ ಮಕ್ಕಳೂ ಹೇಗೆ ಹಂಚಿಕೊಂಡವೆಂಬುದನ್ನು ನೋಡುವುದು ಉಪಯುಕ್ತ.

ಲ್ಯಾಟಿನಿನಲ್ಲಿ ಈ ಪ್ರದೇಶವನ್ನು ಮೂರು ಪದಗಳು ಆಳುತ್ತಿದ್ದವು. ಮೊದಲನೆಯದು ಪುದೋರ್, ತನ್ನ ಮಾನಕ್ಕೆ ಕುಂದು ಬಂದೀತೆಂಬ, ಬಂದಿತೆಂಬ ಒಳಗಿನ ಕುಟುಕು. ಎರಡನೆಯದು ವೆರೆಕುಂದಿಯಾ, ಗೌರವಬೆರೆತ ಅಂಜಿಕೆಯನ್ನು ಹೇಳುವ ವೆರೆಯೋರ್ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಎದುರಿಗಿರುವವರ ಸ್ಥಾನವನ್ನೂ ತನ್ನ ಸ್ಥಾನವನ್ನೂ ಅರಿತು, ಅವರ ಮನಸ್ಸಿಗೆ ನೋವಾಗದಂತೆ ತನ್ನನ್ನು ತಾನು ಒಂದು ಹೆಜ್ಜೆ ಹಿಂದಿರಿಸಿಕೊಳ್ಳುವ ನಡವಳಿಕೆ ಅದು. ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೊದಲ ಭಾಗದಲ್ಲಿ ವೆರೆಕುಂದಿಯಾವನ್ನು ಸಜ್ಜನಿಕೆಯ ಅಂಗವಾಗಿ ವಿಚಾರಿಸಿದ್ದಾನೆ. ಮೂರನೆಯದಾದ ತಿಮಿದುಸ್ ಎಂಬುದು ಶುದ್ಧ ಭಯಕ್ಕೆ ಸೇರಿದ್ದು. ಅದರಲ್ಲಿ ಮಾನದ ಮಾತೂ ಇಲ್ಲ, ಮರ್ಯಾದೆಯ ಮಾತೂ ಇಲ್ಲ.

ಈ ಮೂರೂ ಮುಂದಿನ ಪೀಳಿಗೆಯಲ್ಲಿ ಪಟ್ಟ ಪಾಡು ಕನ್ನಡದ ವಾಚಕರಿಗೆ ಚಿರಪರಿಚಿತವಾದ ತತ್ಸಮ-ತದ್ಭವಗಳ ಕಥೆಯೇ. ವೆರೆಕುಂದಿಯಾ ಜನರ ಬಾಯಲ್ಲಿ ಸವೆದು ಇಟಾಲಿಯನ್ನಿನಲ್ಲಿ ವೆರ್ಗೋಞ, ಸ್ಪ್ಯಾನಿಷ್‌ನಲ್ಲಿ ವೆರ್ಗುಯೆನ್ಸ, ಪೋರ್ಚುಗೀಸಿನಲ್ಲಿ ವೆರ್ಗೋಞ ಎಂದಾಯಿತು. ಇವು ತದ್ಭವಗಳು. ಪಂಡಿತರು ಹಳೆಯ ಗ್ರಂಥಗಳಿಂದ ಮತ್ತೊಮ್ಮೆ ಹೆಕ್ಕಿ ತಂದ ವೆರೆಕೋಂದಿಯಾ ಎಂಬ ತತ್ಸಮ ಇಟಾಲಿಯನ್ನಿನಲ್ಲಿ ಪ್ರತ್ಯೇಕವಾಗಿ ಕುಳಿತಿದೆ. ಹಿಂದಿಯಲ್ಲಿ ಲಾಜ್ ಮತ್ತು ಲಜ್ಜಾ ಅಕ್ಕಪಕ್ಕದಲ್ಲಿ ಕುಳಿತಿರುವಂತೆ. ಆದರೆ ತದ್ಭವವು ರೂಪವನ್ನಷ್ಟೇ ಸವೆಸಲಿಲ್ಲ, ಅರ್ಥವನ್ನೂ ಸವೆಸಿತು. ಪರರ ಬಗೆಗಿನ ಆ ಸೂಕ್ಷ್ಮವಾದ ಗೌರವ ಜಾರಿಹೋಗಿ, ವೆರ್ಗುಯೆನ್ಸ ಎಂದರೆ ಅವಮಾನ ಮತ್ತು ನಾಚಿಕೆ ಎರಡೂ ಆಗಿ ಉಳಿಯಿತು. ವೆರ್ಗೊನ್ಸೋಸೊ ಎಂಬ ಗುಣವಾಚಕವನ್ನು ಸ್ಪ್ಯಾನಿಷರು ಹೇಯವಾದ ಕೃತ್ಯಕ್ಕೂ ಹೇಳುತ್ತಾರೆ, ತಲೆ ತಗ್ಗಿಸಿ ನಿಂತ ಮಗುವಿಗೂ ಹೇಳುತ್ತಾರೆ. ಫ್ರೆಂಚರು ಅವಮಾನಕ್ಕೆ ಜರ್ಮಾನಿಕ್ ಮೂಲದ ಓಂತ್ ಎಂಬ ಪದವನ್ನು ಹಿಡಿದರು. ಮೈಮನಗಳ ಮರೆಗೆ ಪ್ಯುದರ್ ಎಂಬುದನ್ನು ಉಳಿಸಿಕೊಂಡರು. ತಮ್ಮ ಪಾಲಿನ ವೆರ್ಗೋಞ್ ಎಂಬ ತದ್ಭವವನ್ನು ಬಹುಮಟ್ಟಿಗೆ ಕೈಬಿಟ್ಟರು. ಅದು ಇಂದು ಜೀವಂತವಾಗಿರುವುದು ಅಭಾವವನ್ನು ಹೇಳುವ ಒಂದೇ ನುಡಿಗಟ್ಟಿನಲ್ಲಿ: ಸಾಂ ವೆರ್ಗೋಞ್, ಎಂದರೆ ಲಜ್ಜೆಗೆಟ್ಟು. ಗುಣ ಸತ್ತು, ಗುಣಹೀನತೆಯ ಹೆಸರಿನಲ್ಲಿ ಪದ ಬದುಕಿದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕನ್ನಡದಲ್ಲಿಯೂ ಇದಕ್ಕೆ ಜೊತೆಯುಂಟು.

ಇತ್ತ ಭಯದ ಪದವಾದ ತಿಮಿದುಸ್ ವಿದ್ವಾಂಸರ ಮೂಲಕ ತತ್ಸಮವಾಗಿ ಎಲ್ಲ ಸೋದರಭಾಷೆಗಳಿಗೂ ಹೋಗಿ, ತಿಮೀದ್, ತೀಮಿದೋ ಎಂದು ನಾಚುವ ಸ್ವಭಾವಕ್ಕೆ ಅಧಿಕೃತ ಹೆಸರಾಯಿತು. ಇಂಗ್ಲಿಷಿನ ಶೈ ಎಂಬುದು ಲ್ಯಾಟಿನ್ ಕುಲದ್ದಲ್ಲದಿದ್ದರೂ ಅದೇ ದಾರಿಯಲ್ಲಿ ನಡೆಯಿತು. ಅದರ ಹಳೆಯ ಅರ್ಥ ಬೆದರುವ, ಬೆಚ್ಚುವ ಎಂದು. ಬೆದರಿ ಪಕ್ಕಕ್ಕೆ ಹಾರುವ ಕುದುರೆಗೆ ಆ ಕ್ರಿಯಾಪದವನ್ನು ಇಂದಿಗೂ ಬಳಸುತ್ತಾರೆ. ಜರ್ಮನಿನ ಶಾಯ್ ಎಂಬುದು ಇದರ ದಾಯಾದಿ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಮುಖ ಕೆಂಪೇರುವುದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಈ ಭಾವ ಭಯಕ್ಕೆ ಹತ್ತಿರವಾದರೂ ಸಾಮಾನ್ಯ ಅರ್ಥದ ಭಯವಲ್ಲವೆಂದು ಬಿಡಿಸಿ ಹೇಳಬೇಕಾಯಿತು. ಭಾಷೆ ಭಯವೆಂದು ಹೆಸರಿಟ್ಟಿದ್ದರಿಂದಲೇ ವಿಜ್ಞಾನಿ ಅಲ್ಲವೆಂದು ವಾದಿಸಬೇಕಾಯಿತೆಂದು ತೋರುತ್ತದೆ. 1901ರಲ್ಲಿ ಪಾಲ್ ಹಾರ್ಟೆನ್‌ಬರ್ಗ್ ಎಂಬ ಫ್ರೆಂಚ್ ವೈದ್ಯನು ಇಂಥ ಸ್ವಭಾವದವರನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಹೊರತಂದನು. ಅಲ್ಲಿಗೆ ಗೌರವದಿಂದ ಹೊರಟ ಭಾವವು ಭಯವೆನಿಸಿ, ಭಯದಿಂದ ಪ್ರಕೃತಿದೋಷವಾಗಿ, ವೈದ್ಯನ ಬಾಗಿಲಿಗೆ ಬಂದು ನಿಂತಿತು.

ಇನ್ನು ಕನ್ನಡಕ್ಕೆ ಬರೋಣ. ಹಳಗನ್ನಡದ ನಾಣ್ ಎಂಬುದೇ ಇಲ್ಲಿ ಮೂಲಧನ. ಅದರಿಂದ ನಾಣ್ಚು, ನಾಚು, ನಾಚಿಕೆ, ನಾಣಿಲ್ಲದವನು ನಾಣಿಲಿ. ತಮಿಳಿನ ನಾಣ್, ನಾಣಂ, ಮಲಯಾಳದ ನಾಣಂ ಇದರ ಒಡಹುಟ್ಟುಗಳು. ತೆಲುಗು ಮಾತ್ರ ಸಿಗ್ಗು ಎಂಬ ಬೇರೊಂದು ಪದಕ್ಕೆ ಒಲಿದಿದೆ, ಅದು ಕನ್ನಡಕ್ಕೂ ಅಪರಿಚಿತವಲ್ಲ. (ನಾಣ್ಣುಡಿಗೂ ಈ ನಾಣಿಗೂ ನಂಟಿಲ್ಲ, ಅದು ನಾಡಿನ ನುಡಿ. ನಾಣ್ಯಕ್ಕಂತೂ ನಾಣಿನೊಡನೆ ಯಾವ ಸಂಬಂಧವೂ ಇಲ್ಲ; ಅದು ಸಂಸ್ಕೃತದ ನಾಣಕದ ಕಡೆಯದು. ವ್ಯವಹಾರ ಬಲ್ಲವರು ಇದನ್ನು ನಿಘಂಟು ನೋಡದೆಯೂ ಒಪ್ಪಿಯಾರು.)

ನಾಣಿನ ಒಡಲಲ್ಲಿ ಎರಡು ಅರ್ಥಗಳು ಮೊದಲಿನಿಂದಲೂ ಇದ್ದವೆಂಬುದಕ್ಕೆ ತಮಿಳಿನ ತಿರುಕ್ಕುರಳ್ ಒಳ್ಳೆಯ ಸಾಕ್ಷಿ. ಅದರ 102ನೆಯ ಅಧಿಕಾರ ನಾಣುಳ್ಳವನಾಗಿರುವುದನ್ನು ಕುರಿತದ್ದು. ಅದರ ಮೊದಲ ಕುರಳಿನಲ್ಲಿಯೇ ವಳ್ಳುವರು, ತಪ್ಪು ಕೆಲಸಕ್ಕೆ ನಾಚುವ ನಾಣು ಒಂದು, ಹೆಣ್ಣಿನ ಸಹಜವಾದ ನಾಣು ಬೇರೊಂದು ಎಂದು ಗೆರೆ ಎಳೆದಿದ್ದಾರೆ. 114ನೆಯ ಅಧಿಕಾರದಲ್ಲಿ ಪ್ರೇಮಕ್ಕಾಗಿ ನಾಣನ್ನು ತೊರೆಯುವ ಮಾತು ಬರುತ್ತದೆ. ಕನ್ನಡದಲ್ಲಿ ಅಕ್ಕಮಹಾದೇವಿ ಈ ಗೆರೆಯನ್ನೇ ಅಳಿಸಿಬಿಟ್ಟಳು. ಮೈಮುಚ್ಚಿದ ಬಟ್ಟೆ ಸಡಿಲಿದರೆ ನಾಚುವ ಲೋಕದವರನ್ನು ನೋಡಿ, ಜಗತ್ತೆಲ್ಲ ದೇವರಿಂದ ತುಂಬಿರುವಾಗ ಅವನ ಮುಂದೆ ನಾಚುವುದಕ್ಕೆ ಎಡೆಯಾದರೂ ಎಲ್ಲಿ ಎಂದು ಕೇಳಿದ ಅವಳ ವಚನದಲ್ಲಿ, ನಾಚಿಕೆಗೆ ಮರೆಯೊಂದು ಬೇಕು, ಮರೆಯ ಆಚೆಗೆ ನೋಡುವ ಇನ್ನೊಬ್ಬರು ಬೇಕು ಎಂಬ ತತ್ತ್ವ ಅಡಗಿದೆ. ನೋಡುವವನೂ ಇರುವವನೂ ಒಬ್ಬನೇ ಆದಾಗ ನಾಚಿಕೆ ತಾನಾಗಿ ಉದುರುತ್ತದೆ. ಸಂಸ್ಕೃತದ ಕೋಶಕಾರನಾದ ಅಮರಸಿಂಹನಿಗೂ ಇದು ಹೊಳೆದಿತ್ತು. ಮಂದಾಕ್ಷ, ಹ್ರೀ, ತ್ರಪಾ, ವ್ರೀಡಾ, ಲಜ್ಜಾ ಎಂಬ ಐದು ಹೆಸರುಗಳನ್ನು ಒಟ್ಟಿಗೆ ಹೇಳಿದವನು, ಪರರ ನಿಮಿತ್ತವಾಗಿ ಬರುವುದಕ್ಕೆ ಮಾತ್ರ ಅಪತ್ರಪಾ ಎಂದು ಬೇರೆ ಹೆಸರು ಕೊಟ್ಟನು. ಅಲ್ಪವಿರಾಮದಿಂದ ಮುಗಿಸದೆ ವ್ಯತ್ಯಾಸವನ್ನು ಸೂಚಿಸಿದ ಆ ಎಚ್ಚರ ಈಚಿನ ಕೋಶಗಳಲ್ಲಿ ಅಪರೂಪ.

ಕನ್ನಡದ ನಾಚಿಕೆಗೂ ಸ್ಪ್ಯಾನಿಷಿನ ವೆರ್ಗುಯೆನ್ಸಕ್ಕೂ ಹೀಗೆ ದ್ವ್ಯರ್ಥದಲ್ಲಿ ಸಾಮ್ಯವಿದೆ. ಆದರೆ ಭೇದವೊಂದು ಗಮನಾರ್ಹ. ಹೇಯವಾದ ಕೃತ್ಯವನ್ನು ಸ್ಪ್ಯಾನಿಷ್ ಭಾಷೆ ನಾಚಿಕೆ ತುಂಬಿದ್ದೆಂದು ಬಣ್ಣಿಸಿದರೆ, ಕನ್ನಡ ಅದನ್ನು ನಾಚಿಕೆಗೇಡು ಎನ್ನುತ್ತದೆ. ನಾಚಿಕೆಯ ಸಂಗತಿ ಎಂಬ ಪ್ರಯೋಗವೂ ಉಂಟಾದರೂ, ಬೈಗುಳಕ್ಕೆ ಬಲ ಬರುವುದು ಗೇಡು ಎಂಬಲ್ಲಿ. ಅಂದರೆ ಕನ್ನಡದ ಲೆಕ್ಕದಲ್ಲಿ ನಾಚಿಕೆ ಎಂಬುದು ಜಮೆಯ ಕಡೆಗೆ ಬರೆಯತಕ್ಕದ್ದು. ಅದರ ನಷ್ಟವೇ ದೋಷ.

ವ್ಯಾಕರಣದಲ್ಲಿಯೂ ಒಂದು ಸ್ವಾರಸ್ಯವಿದೆ. ಲ್ಯಾಟಿನಿನಲ್ಲಿ ನಾಚುವವನು ವಾಕ್ಯದ ಕರ್ತೃವಾಗುವುದಿಲ್ಲ. ಮೇ ಪುದೆತ್ ಎಂದರೆ, ಅದು ನನ್ನನ್ನು ನಾಚಿಸುತ್ತದೆ ಎಂದರ್ಥ. ಅದು ಎಂಬುದು ಯಾವುದೆಂದು ವಾಕ್ಯ ಹೇಳುವುದಿಲ್ಲ. ಮನುಷ್ಯನು ಅಲ್ಲಿ ಭಾವದ ಒಡೆಯನಲ್ಲ. ಭಾವ ಬಂದು ತಾಗುವ ಎಡೆ. ಕನ್ನಡದಲ್ಲಿ "ನನಗೆ ನಾಚಿಕೆಯಾಗುತ್ತದೆ" ಎಂಬಾಗ ವಿಭಕ್ತಿ ಬೇರೆಯಾದರೂ ಮನೋಧರ್ಮ ಒಂದೇ. ಸ್ಪ್ಯಾನಿಷಿನವರು "ನನಗೆ ನಾಚಿಕೆ ಕೊಡುತ್ತದೆ" ಎಂಬ ರೀತಿಯಲ್ಲಿ ಹೇಳಿ ಈ ಹಳೆಯ ಜಾಡನ್ನು ಉಳಿಸಿಕೊಂಡಿದ್ದಾರೆ. ಇಟಾಲಿಯನ್ನರು "ನನ್ನನ್ನು ನಾನು ನಾಚಿಸಿಕೊಳ್ಳುತ್ತೇನೆ" ಎಂಬಂತೆ ತಿರುಗಿಸಿದ್ದಾರೆ. ಇಂಗ್ಲಿಷಿನವನಾದರೋ "ನಾನು ಶೈ ಆಗಿದ್ದೇನೆ" ಎಂದು ಅದನ್ನು ತನ್ನ ಎತ್ತರ, ಮೈಬಣ್ಣಗಳ ಸಾಲಿಗೆ ಸೇರಿಸಿಬಿಟ್ಟನು. ನಾಚಿಕೆಯಾಗುವುದು ಬೇರೆ, ನಾಚಿಕೆಯವನಾಗುವುದು ಬೇರೆ. ಮೊದಲನೆಯದು ಹೊತ್ತಿಗೆ ಬಂದು ಹೊತ್ತಿಗೆ ಹೋಗುತ್ತದೆ. ಎರಡನೆಯದು ಹೆಸರಿಗೆ ಅಂಟಿದ ಬಿರುದು. ನಾಚಿಕೆ ಸ್ವಭಾವ ಎಂಬ ಇಂದಿನ ಕನ್ನಡದ ಸಮಾಸ ಎರಡನೆಯದರ ಅಚ್ಚಿನಲ್ಲಿ ಎರಕಗೊಂಡದ್ದೆಂದು ಊಹಿಸಬಹುದು.

ಹೆಸರಿಡುವವನ ಮನಸ್ಸು ಹೆಸರಿನಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂಬುದಕ್ಕೆ ಒಂದು ಗಿಡದ ಉದಾಹರಣೆ ಸಾಕು. ಅಮೆರಿಕದ ಉಷ್ಣಪ್ರದೇಶದಿಂದ ಬಂದು ಭಾರತದ ಹೊಲದ ಬದುಗಳಲ್ಲೆಲ್ಲ ಹಬ್ಬಿದ, ಮುಟ್ಟಿದೊಡನೆ ಎಲೆ ಮಡಚುವ ಗಿಡಕ್ಕೆ ಲಿನೇಯಸ್ 1753ರಲ್ಲಿ ಮಿಮೋಸ ಪುದಿಕಾ ಎಂದು ಹೆಸರಿಟ್ಟನು. ಪುದಿಕಾ ಎಂದರೆ ಪುದೋರ್ ಉಳ್ಳವಳು, ಲಜ್ಜಾವತಿ. ಹಿಂದಿಯ ಲಾಜ್‌ವಂತಿಯೂ ಇದೇ ಭಾವದ್ದು. ಮಲಯಾಳಿಗಳು ತೊಟ್ಟಾವಾಡಿ ಎಂದು ಬಾಡಿದ್ದನ್ನಷ್ಟೇ ವರದಿ ಮಾಡಿ ಸುಮ್ಮನಾದರು. ಪೋರ್ಚುಗೀಸರು ನಿದ್ರೆ ಹೋಗುವ ಗಿಡವೆಂದರು. ಕನ್ನಡಿಗರು ನಾಚಿಕೆಮುಳ್ಳು ಎಂದೂ ಕರೆದರು. ಆದರೆ ಮಕ್ಕಳ ಬಾಯಲ್ಲಿ ನಿಂತ ಹೆಸರು ಮುಟ್ಟಿದರೆ ಮುನಿ. ಅದು ನಾಚಿದ್ದಲ್ಲ, ಮುನಿಸಿಕೊಂಡದ್ದು! ಒಂದೇ ಎಲೆಯ ಒಂದೇ ಚಲನೆಯಲ್ಲಿ ಒಬ್ಬರು ಲಜ್ಜೆಯನ್ನೂ ಒಬ್ಬರು ನಿದ್ರೆಯನ್ನೂ ಒಬ್ಬರು ಕೋಪವನ್ನೂ ಕಂಡರು. ಬಾಗಿಲ ಮರೆಗೆ ಸರಿದ ಹುಡುಗನ ವಿಷಯದಲ್ಲಿಯೂ ನೋಡುವವರು ಹೀಗೆ ತಮ್ಮ ಪದವನ್ನು ಅವನ ಮೇಲೆ ಹೊದಿಸುತ್ತಿಲ್ಲವೆಂದು ಹೇಗೆ ಹೇಳುವುದು?

ಲ್ಯಾಟಿನಿನ ಪುದೋರಿಗೆ ನಾಣು ಸರಿಹೊಂದುತ್ತದೆ. ತಿಮಿದುಸ್‌ಗೆ ಅಂಜಿಕೆ, ಅಳುಕುಗಳಿವೆ. ಹೊಸಬರ ನಡುವೆ ಮೈಮನಸ್ಸುಗಳು ಮುದುಡುವುದಕ್ಕೆ ಸಂಕೋಚವೆಂಬ ಪದ ಎಷ್ಟು ಯಥಾರ್ಥವೆಂದರೆ, ಕಾಸಿದ ಲೋಹ ಆರಿದಾಗ ಕುಗ್ಗುವುದಕ್ಕೂ ಅದನ್ನೇ ಬಳಸಬಹುದು. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದರೆ ಸಿಸೆರೋ ಮೆಚ್ಚಿದ, ಅವನ ಮೊಮ್ಮಕ್ಕಳ ಭಾಷೆಗಳು ಕಳೆದುಕೊಂಡ ಆ ವೆರೆಕುಂದಿಯಾಕ್ಕೆ ಸಮನಾದದ್ದು ಯಾವುದು? ಅದು ದಾಕ್ಷಿಣ್ಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸಂಸ್ಕೃತದ ದಕ್ಷಿಣ ಎಂಬುದು ಬಲಗಡೆ; ಮೂಡಣಕ್ಕೆ ಮುಖಮಾಡಿ ನಿಂತವನ ಬಲಗಡೆ ಆದುದರಿಂದ ತೆಂಕಣವೂ ಅದೇ. ಬಲಗೈಯ ನೈಪುಣ್ಯದಿಂದ ಚತುರತೆ, ಚತುರತೆಯಿಂದ ಸೌಜನ್ಯ ಎಂದು ಅರ್ಥ ಬೆಳೆಯಿತು. ಹಲವು ಮಡದಿಯರಿದ್ದರೂ ಒಬ್ಬಳಿಗೂ ಮನನೋಯಿಸದವನನ್ನು ಅಲಂಕಾರಿಕರು ದಕ್ಷಿಣನಾಯಕನೆಂದರು. ಲ್ಯಾಟಿನಿನಲ್ಲಿ ಬಲಗಡೆಯನ್ನೂ ಕುಶಲತೆಯನ್ನೂ ಹೇಳುವ ದೆಕ್ಸ್ತೆರ್ ಎಂಬ ಪದ ಈ ದಕ್ಷಿಣದ ಸೋದರಸಂಬಂಧಿ. ರೋಮಿನವರು ಈ ಧಾತುವನ್ನು ಕೈಚಳಕದ ಕಡೆಗೆ ಬೆಳೆಸಿದರು. ಕನ್ನಡಿಗರು ಸಂಸ್ಕೃತದಿಂದ ಸೌಜನ್ಯದ ಪದವನ್ನು ಪಡೆದು, ಅದಕ್ಕೆ ಬಡ್ಡಿ ಸೇರಿಸಿ, ಎದುರಿಗಿರುವವರ ಮುಖ ನೋಡಿ ಇಲ್ಲವೆನ್ನಲಾರದ ಸ್ಥಿತಿಗೆ ದಾಕ್ಷಿಣ್ಯವೆಂದರು. ತಮಿಳಿನ ದಾಟ್ಚಣ್ಯದಲ್ಲಿ ದಯೆಯ ಛಾಯೆ ಹೆಚ್ಚು. ತೆಲುಗರು ಈ ಸ್ಥಿತಿಗೆ ಮೊಹಮಾಟ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಮರಾಠಿಯ ಭೀಡ್‌ನ ನೆಂಟನಾದ ಭಿಡೆ ಇದರ ಸಮೀಪಕ್ಕೆ ಬರುತ್ತದೆ. ದಾಕ್ಷಿಣ್ಯವುಳ್ಳವನು ಹೆದರುಪುಕ್ಕಲನಲ್ಲ, ಅವನಿಗೆ ಮಾತು ಬಾರದೆಂದೂ ಅಲ್ಲ. ಎದುರಿನವನ ಮನಸ್ಸು ತನ್ನ ಅನುಕೂಲಕ್ಕಿಂತ ದೊಡ್ಡದೆಂದು ಅವನ ನಾಲಗೆ ತಡೆಯುತ್ತದೆ. ವೆರೆಕುಂದಿಯಾ ಎಂದರೆ ಇದೇ.

ದಾಕ್ಷಿಣ್ಯದ ಅಪಾಯವನ್ನು ಕನ್ನಡಿಗರು ಅರಿಯದವರಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಎಂಬ ಗಾದೆ ಪ್ರಸಿದ್ಧ. ದಾಕ್ಷಿಣ್ಯಕ್ಕೆ ಜಾಮೀನು ರುಜು ಹಾಕಿ, ಪರರ ಸಾಲವನ್ನು ತನ್ನ ಸಂಬಳದಿಂದ ತೀರಿಸುವ ಸಂಭಾವಿತರನ್ನು ಬ್ಯಾಂಕುಗಳ ಮೆಟ್ಟಿಲ ಮೇಲೆ ಯಾವ ದಿನವಾದರೂ ನೋಡಬಹುದು. (ಸ್ಪ್ಯಾನಿಷಿನಲ್ಲಿ ಎಂಬರಾಸಾದ ಎಂದರೆ ಬಸಿರಿ; ತೊಡಕಿಗೆ ಸಿಕ್ಕಿದವಳೆಂದು ಮೂಲಾರ್ಥ. ಮುಜುಗರವನ್ನು ಹೇಳುವ ಇಂಗ್ಲಿಷ್ ಪದವೂ ಅದೇ ಬಳ್ಳಿಯದು. ಗಾದೆ ಕಟ್ಟಿದ ಅಜ್ಜಿಗೆ ಸ್ಪ್ಯಾನಿಷ್ ತಿಳಿದಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.) ಹಾಗಿದ್ದರೂ ಗಾದೆ ಹಾಸ್ಯ ಮಾಡಿತೇ ಹೊರತು ಗುಣವನ್ನು ಹಳಿಯಲಿಲ್ಲ. ಇಂದಿನ ವೃತ್ತಪತ್ರಿಕೆಗಳಲ್ಲಿ ಈ ಪದದ ಗತಿ ಏನಾಗಿದೆಯೆಂದು ನೋಡಿದರೆ ಖೇದವಾಗುತ್ತದೆ. ಅಲ್ಲಿ ದಾಕ್ಷಿಣ್ಯ ಹೆಚ್ಚಾಗಿ ಕಾಣಿಸುವುದು ನಿರ್ದಾಕ್ಷಿಣ್ಯ ಕ್ರಮ ಎಂಬ ಜೋಡಿಯಲ್ಲಿ. ಫ್ರೆಂಚಿನ ಸಾಂ ವೆರ್ಗೋಞ್‌ನಂತೆಯೇ ಇಲ್ಲಿಯೂ ಅಭಾವದ ಹೆಸರಿನಲ್ಲಿ ಪದ ಉಸಿರಾಡುತ್ತಿದೆ.

ದೆಹಲಿಯಲ್ಲಂತೂ ಈ ನಷ್ಟ ಇನ್ನೂ ವೇಗವಾಗಿ ನಡೆದಿರುವುದಕ್ಕೆ ಕಾರಣ ಸ್ಪಷ್ಟ. ಸಂಕೋಚವನ್ನು ಹಿಂದಿ ಎತ್ತಿಹಿಡಿಯುತ್ತದೆ. ಊಟಕ್ಕೆ ಕುಳಿತ ಅತಿಥಿಗೆ ಸಂಕೋಚ ಬೇಡವೆಂದು ಹೇಳುವ ಉಪಚಾರ ಎರಡು ಭಾಷೆಗಳಲ್ಲಿಯೂ ಒಂದೇ. ನಾಚಿಕೆಗೆ ಪಾರಸಿ ಮೂಲದ ಶರ್ಮ್ ಸರಿಸಾಟಿ. ಅದೂ ವೆರ್ಗುಯೆನ್ಸದಂತೆ ಅವಮಾನ, ನಾಚಿಕೆಗಳೆರಡನ್ನೂ ಹೊತ್ತಿದೆ. ಎಲ್ಲಿ ನೆಟ್ಟರೂ ಹಬ್ಬುವ ಒಂದು ಪೊದೆಗೆ ಉತ್ತರದವರು ಬೇಶರಮ್ ಎಂದು ಹೆಸರಿಟ್ಟಿರುವುದನ್ನು ನೋಡಿದರೆ, ಮುಟ್ಟಿದರೆ ಮುನಿಗೆ ತಕ್ಕ ಎದುರಾಳಿ ಸಿಕ್ಕಿತೆನ್ನಬೇಕು. ದಾಕ್ಷಿಣ್ಯಕ್ಕೆ ಮಾತ್ರ ಇಲ್ಲಿ ಆಸರೆಯಿಲ್ಲ. ಹಿಂದಿಯಲ್ಲಿ ಅದು ಗ್ರಂಥಸ್ಥವಾದ ಪದ, ಬೀದಿಯ ಪದವಲ್ಲ. ನೆರೆಭಾಷೆಯ ಊರುಗೋಲಿಲ್ಲದ ಪದ ಪರಸ್ಥಳದಲ್ಲಿ ಮೊದಲು ಕುಸಿಯುತ್ತದೆ. ಮೂವತ್ತು ವರ್ಷ ಕರೋಲ್ ಬಾಗಿನಲ್ಲೋ ರಾಮಕೃಷ್ಣಪುರದಲ್ಲೋ ಕಳೆದ ಮನೆಯಲ್ಲಿ ಅಜ್ಜಿ ದಾಕ್ಷಿಣ್ಯವೆಂದದ್ದನ್ನು ಮಗಳು ಸಂಕೋಚವೆನ್ನುತ್ತಾಳೆ, ಮೊಮ್ಮಗ ಶೈ ಎನ್ನುತ್ತಾನೆ.

ಇದೆಲ್ಲ ಕೂದಲು ಸೀಳುವ ಕೆಲಸ, ನಾಚಿಕೆ ಎಂಬ ಒಂದೇ ಪದದಿಂದ ಕನ್ನಡ ನಾಡಿನಲ್ಲಿ ಕೋಟ್ಯಂತರ ಜನ ಸುಖವಾಗಿ ವ್ಯವಹರಿಸುತ್ತಿಲ್ಲವೇ ಎಂಬ ಆಕ್ಷೇಪ ಬರಬಹುದು. ನಾಡಿನಲ್ಲಿ ವ್ಯವಹರಿಸುತ್ತಾರೆ, ನಿಜ. ಅಲ್ಲಿ ಮಗು ಆ ಪದವನ್ನು ಮದುಮಗಳ ಬಗೆಗೂ ಕೇಳುತ್ತದೆ, ಕಳ್ಳನ ಬಗೆಗೂ ಕೇಳುತ್ತದೆ; ದನಿಯ ಏರಿಳಿತದಿಂದ, ಸಂದರ್ಭದಿಂದ ಎರಡನ್ನೂ ಬಿಡಿಸಿಕೊಳ್ಳುತ್ತದೆ. ದೆಹಲಿಯ ಮಗುವಿಗೆ ಅಷ್ಟು ಸಂದರ್ಭಗಳು ದೊರೆಯುವುದಿಲ್ಲ. ಅದರ ಕಿವಿಗೆ ಬೀಳುವುದು ಮುಖ್ಯವಾಗಿ ಎರಡು ವಾಕ್ಯಗಳು: ತಪ್ಪು ಮಾಡಿದಾಗ "ನಾಚಿಕೆಯಾಗಬೇಕು ನಿನಗೆ" ಎಂಬುದು, ಕನ್ನಡ ಆಡಲಾರದೆ ನಿಂತಾಗ "ಅವನಿಗೆ ನಾಚಿಕೆ" ಎಂಬುದು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಕನ್ನಡವನ್ನು ಆಡುವುದೇ ಅವಮಾನದ ಸಂಗತಿ ಎಂಬ ಮೊತ್ತ ಬರುತ್ತದೆ. ತಾಯಿ ಹೇಳಬಯಸಿದ್ದು ಅದಲ್ಲ. ಆದರೆ ಮಗು ಕಲಿಯುವುದು ಅದನ್ನೇ.

ಹುಡುಗನ ವರ್ತನೆಯನ್ನು ಸಾವಧಾನವಾಗಿ ನೋಡಿದರೆ ಅದರಲ್ಲಿ ನಾಣು ಎಂಬುದು ಇಲ್ಲವೇ ಇಲ್ಲ. ವಾಕ್ಯ ತಪ್ಪಾದೀತೆಂಬ ಅಳುಕು ಸ್ವಲ್ಪ. ಅಪರಿಚಿತರೆದುರಿನ ಸಂಕೋಚ ಇನ್ನಷ್ಟು. ಉಳಿದದ್ದು, ಕೊಂಚ ಆಶ್ಚರ್ಯವೆನಿಸಿದರೂ, ದಾಕ್ಷಿಣ್ಯ. ಹಿಂದಿಯಲ್ಲಿ ಹಿರಿಯರೊಡನೆ ಮಾತನಾಡುವಾಗ ಆಪ್ ಎಂಬ ಸರ್ವನಾಮ ಅವನಿಗೆ ಸರಾಗವಾಗಿ ಬರುತ್ತದೆ. ಕನ್ನಡದಲ್ಲಿ ನೀನು, ನೀವುಗಳ ನಡುವೆ, ಬಾ, ಬನ್ನಿಗಳ ನಡುವೆ ಅವನು ಎಡವುತ್ತಾನೆ. ಅಜ್ಜನಿಗೆ ಏಕವಚನ ಬಿದ್ದುಹೋದೀತೆಂದು ಅವನ ನಾಲಗೆ ಹಿಂದೆಗೆಯುತ್ತದೆ. ತರಕಾರಿಯವನ ಮುಂದೆ ಈ ತೊಡಕಿಲ್ಲ. ಎದುರಿಗಿರುವವರ ಸ್ಥಾನಕ್ಕೆ ಊನ ಬರಬಾರದೆಂದು ಮೌನವಾಗುವವನನ್ನು ನಾಚಿಕೆಯವನೆಂದು ಕರೆಯುವುದು ಭಾಷಾದೃಷ್ಟಿಯಿಂದಲೂ ತಪ್ಪು, ಹುಡುಗನ ದೃಷ್ಟಿಯಿಂದಲೂ ಅನ್ಯಾಯ. "ಅವನಿಗೆ ಸಂಕೋಚ, ದೊಡ್ಡಪ್ಪ; ನಿಮಗೆ ಏಕವಚನ ಬಂದೀತೆಂದು ದಾಕ್ಷಿಣ್ಯ" ಎಂದು ತಾಯಿ ಹೇಳಬಹುದು. ದೊಡ್ಡಪ್ಪನು ಬಹುಶಃ ನಕ್ಕು, "ಏಕವಚನವೇ ಇರಲಿ ಬಾರೋ" ಎಂದಾನು. ವಿದ್ಯೆಯನ್ನು ಕೂಡಿಸುವಾಗ, ಉಣ್ಣುವಾಗ, ವ್ಯವಹರಿಸುವಾಗ ಲಜ್ಜೆ ಬಿಟ್ಟವನು ಸುಖಿಯೆಂದು ಹಳೆಯ ಸುಭಾಷಿತವೊಂದು ಹೇಳುತ್ತದೆ. ಅದು ಬಿಡಹೇಳಿದ್ದು ಲಜ್ಜೆಯನ್ನು, ದಾಕ್ಷಿಣ್ಯವನ್ನಲ್ಲ.

ಇನ್ನು ಅಮರಸಿಂಹನು ಬೇರೆಯಾಗಿ ಇಟ್ಟ ಆ ಅಪತ್ರಪೆ, ಪರರ ನಿಮಿತ್ತವಾದ ನಾಚಿಕೆ, ದೆಹಲಿಯ ಕನ್ನಡಿಗರಲ್ಲಿ ಇಲ್ಲವೇ? ಇದೆ, ಆದರೆ ಅದನ್ನು ಮಕ್ಕಳಲ್ಲಿ ಹುಡುಕಬೇಕಾಗಿಲ್ಲ. ಮೆಟ್ರೋ ಗಾಡಿಯಲ್ಲಿ ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ದೂರವಾಣಿ ಕರೆ ಬಂದಾಗ, ಅಕ್ಕಪಕ್ಕದವರತ್ತ ಒಮ್ಮೆ ನೋಡಿ, ದನಿಯನ್ನು ಅರ್ಧಕ್ಕಿಳಿಸಿ, "ಆಮೇಲೆ ಮಾತಾಡ್ತೀನಿ" ಎಂದು ಮುಗಿಸಿಬಿಡುವ ದೊಡ್ಡವರಲ್ಲಿ ಹುಡುಕಿದರೆ ಸಿಗುತ್ತದೆ. ಪಕ್ಕದ ಆಸನದಲ್ಲಿ ಮಗು ಕುಳಿತಿರುತ್ತದೆ.